ಆಮೇಲೆ ಹೊಟ್ಟೆಗೇನ್ ಮಾಡುದ್ರು?

ಇನ್ನೊಬ್ಬನ ಸಾವಿಗೆ ಕತ್ತಲಲ್ಲಿ ಕೂತು ಅತ್ತರೆ ಅವನ ಋಣ ತೀರುತ್ತದೆಯೆ? ಬೆಂಗಳೂರಿನ ಒಂದು ಸಣ್ಣ ಹಾಲಿನಲ್ಲಿ ಶನಿವಾರ, ಭಾನುವಾರ ಮೂರು ಸಿನಿಮಾ ನೋಡಿ ಬಂದಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ಶನಿವಾರ ಸಂಜೆ ಬಿ.ವಿ. ಕಾರಂತರ 'ಚೋಮನ ದುಡಿ' (1975). ಚೋಮನಿಗೆ ಎತ್ತುಗಳಿವೆ, ತೋಳಲ್ಲಿ ಕಸುವಿದೆ. ಬೇಕಾದದ್ದು ಉಳೋಕೆ ಒಂದು ತುಂಡು ನೆಲ. ಮುಟ್ಟಬಾರದವನಿಗೆ ಬೇಸಾಯ ಸಲ್ಲದು ಅನ್ನುತ್ತದೆ ಊರು. ಮಗ ನೀರಲ್ಲಿ ಮುಳುಗುವಾಗ ಹಿಡಿದೆತ್ತುವ ಕೈ ಒಂದೂ ಇಲ್ಲ. ಕಡೆಗೆ ಚೋಮ ದುಡಿ ಬಾರಿಸುತ್ತಲೇ ಸಾಯುತ್ತಾನೆ. ವಾಸುದೇವರಾವ್ ಮುಖ ನೋಡ್ತಾ ನೋಡ್ತಾ ನನಗೆ ನಮ್ಮ ತಾತ ಕಂಡ.

ಭಾನುವಾರ ಬೆಳಿಗ್ಗೆ ಪ್ರೇಮಚಂದರ ಕಥೆಯಿಂದ ಸತ್ಯಜಿತ್ ರಾಯ್ 1981ರಲ್ಲಿ ದೂರದರ್ಶನಕ್ಕಾಗಿ ಮಾಡಿದ 'ಸದ್ಗತಿ'. ಮಗಳ ನಿಶ್ಚಯಕ್ಕೆ ಒಳ್ಳೆ ದಿನ ಕೇಳಲು ಹೋದ ದುಖಿ, ಹಸಿದ ಹೊಟ್ಟೆಯಲ್ಲಿ ಪುರೋಹಿತನ ಕೊರಡು ಸೀಳುತ್ತಾ ಸತ್ತು ಬೀಳುತ್ತಾನೆ. ಹೆಣ ಮುಟ್ಟಿದರೆ ಮೈಲಿಗೆ. ಪುರೋಹಿತ ಕಾಲಿಗೆ ಹಗ್ಗ ಬಿಗಿದು, ಸತ್ತ ದನದ ಹಾಗೆ ಎಳೆದು ಬಿಸಾಕುತ್ತಾನೆ.

ದೀಪ ಹತ್ತಿದಾಗ ಎಷ್ಟೋ ಕಣ್ಣು ಒದ್ದೆ. ನನ್ನವೂ. ಆ ಕಣ್ಣೀರು ಸುಳ್ಳು ಅಂತ ನಾನು ಹೇಳುವವನಲ್ಲ.

ಎಲ್ಲ ಹೋದ ಮೇಲೆ ಪೊರಕೆ ಹಿಡಿದು ಒಬ್ಬ ಅವ್ವ ಬಂದಳು. ನಾನು ಕುರ್ಚಿ ಕೆಳಗೆ ಬಿಟ್ಟಿದ್ದ ಟೀ ಲೋಟಕ್ಕೆ ಬಗ್ಗಿದಳು. ''ಎಂಥಾ ಪಿಚ್ಚರಪ್ಪ, ಎಲ್ರೂ ಕಣ್ಣು ಒರೆಸ್ಕಂಡು ಬಂದ್ರಲ್ಲ?'' ಎರಡು ದಿನವೂ ಅವಳು ಬಾಗಿಲಾಚೆಗೇ ಕೂತಿದ್ದಳು. ಕಥೆ ಹೇಳಿದೆ. ಪಾಪ ಅನ್ನಲಿಲ್ಲ. ''ಆಮೇಲೆ ಅವನ ಹೆಂಡ್ತಿ ಮಕ್ಳು ಹೊಟ್ಟೆಗೇನ್ ಮಾಡುದ್ರಪ್ಪ?'' ಅಂದಳು.

ನನ್ನ ಬಿ.ಎ. ಡಿಗ್ರಿಯ ಹತ್ತಿರ ಉತ್ತರವಿರಲಿಲ್ಲ. ಅಪ್ಪ ಸತ್ತು ಮೂರು ದಿನಕ್ಕೆ ನಮ್ಮವ್ವ ಕೂಲಿಗೆ ಹೊರಟದ್ದನ್ನು ಕಂಡವನು ನಾನು. ಆದರೂ ಈ ಪ್ರಶ್ನೆ ನನಗೆ ಹೊಳೆಯಲಿಲ್ಲ. ಒಳ್ಳೆಯ ಕುರ್ಚಿ ಎಷ್ಟು ಬೇಗ ಮರೆಸಿಬಿಡುತ್ತದೆ ನೋಡಿ!

ಕನಿಕರಕ್ಕೆ ಒಂದು ಸಾವು ಸಾಕು. ಸತ್ತವನು ಏನೂ ಕೇಳುವುದಿಲ್ಲ, ಅದಕ್ಕೇ ಅವನನ್ನು ಪ್ರೀತಿಸೋದು ಸಲೀಸು. ಉಳಿದವಳು ಕೂಲಿ ಕೇಳ್ತಾಳೆ, ನೆಲ ಕೇಳ್ತಾಳೆ, ಮಗಳಿಗೆ ಸ್ಕೂಲು ಕೇಳ್ತಾಳೆ. ಅವಳ ಎದುರಿಗೆ ನಮ್ಮ ಕರ್ಚೀಫು ಏನು ಮಾಡೀತು? ನ್ಯಾಯದ ಮಾತು ಶುರುವಾಗುವುದು ಹೆಣ ಎತ್ತಿದ ಮಾರನೇ ಬೆಳಿಗ್ಗೆ.

ಸಂಜೆ ನಾಗರಾಜ ಮಂಜುಳೆಯವರ ಮರಾಠಿ 'ಫಂಡ್ರಿ' (2013). ಹಂದಿ ಕೈಗೆ ಸಿಗುವ ಹೊತ್ತಿಗೆ ಸ್ಕೂಲಿನಿಂದ ರಾಷ್ಟ್ರಗೀತೆ ಕೇಳುತ್ತದೆ. ಜಬ್ಯಾನ ಮನೆಯವರು ನಿಂತಲ್ಲೇ ಕಂಬ. ಅಂಬೇಡ್ಕರ್, ಫುಲೆ ಚಿತ್ರಗಳ ಗೋಡೆಯ ಮುಂದೆಯೇ ಹಂದಿ ಹೊತ್ತು ಸಾಗುತ್ತಾರೆ. ಆದರೆ ಈ ಹುಡುಗ ಸಾಯುವುದಿಲ್ಲ. ಕಡೆಗೆ ಅವನು ಬೀಸಿದ ಕಲ್ಲು ನೇರ ಪರದೆಯಿಂದ ನಮ್ಮ ಮುಖಕ್ಕೇ ಬರುತ್ತದೆ. ನಮ್ಮ ಕೇರಿಯ ಹುಡುಗ ನನಗೇ ಯಾಕೆ ಹೊಡೆದ ಅಂತ ಒಂದು ಕ್ಷಣ ಅನ್ನಿಸಿತು. ಬೆಳಿಗ್ಗೆಯ ಲೋಟ ನೆನಪಾಗಿ ಸುಮ್ಮನಾದೆ.

ಈ ಸಲ ನನ್ನ ಲೋಟ ನಾನೇ ಎತ್ತಿದೆ. ಅದೇನು ಕ್ರಾಂತಿಯಲ್ಲ. ಮುಂದಿನ ಸಲ ಆ ಅವ್ವನಿಗೂ ಒಳಗೊಂದು ಕುರ್ಚಿ ಕೊಡಿ, ಅವಳ ಸಂಬಳ ಎಷ್ಟು ಅಂತಲೂ ಹೇಳಿ ಅಂತ ಹಾಲಿನವರನ್ನು ಕೇಳಿದೆ.

''ನೋಡೋಣ'' ಅಂದರು.

ಎರಡು ದಿನದಿಂದ ನಾವು ಮಾಡಿದ್ದೂ ಅದನ್ನೇ ಅಲ್ಲವೆ?