ಐದನೆಯ ಲೋಡು

ಟಿ.ವಿ. ನೋಡಲೆಂದು ಪಡಸಾಲೆಯ ಮೂಲೆಯನ್ನು ನಾನೇ ಅಣಿಗೊಳಿಸಿದೆ. ಮನೆಯಲ್ಲಿದ್ದ ಚಾಪೆ, ಮೇಲೆ ಅತ್ತೆಯವರ ಹಳೆಯ ಸೀರೆಗಳ ಕೌದಿ, ಹರಿದ ಗಾದಿಯ ಹತ್ತಿ ತುಂಬಿದ ಲೋಡುಗಳು. ಖರ್ಚಾದದ್ದು ದಾರಕ್ಕೆ ಮಾತ್ರ. ಎಲ್ಲರೂ ಮೆಚ್ಚಿದರು. ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ನನಗೆ ಕಂಡದ್ದು ನಾಲ್ಕು ಬೆನ್ನು.

1987ರಲ್ಲಿ ಭಾನುವಾರದ ‘ರಾಮಾಯಣ’ಕ್ಕೆ ಓಣಿಯವರೆಲ್ಲ ಇದೇ ಬರಿ ನೆಲದ ಮೇಲೆ ಕೂರುತ್ತಿದ್ದರು. ಆಗಲೂ ಕಾಣುತ್ತಿದ್ದುದು ಬೆನ್ನೇ. ಆದರೆ ಯಾರಾದರೊಬ್ಬರು ಸರಿದು, “ಬಾರವ್ವಾ, ಕುಂದರು” ಎನ್ನುತ್ತಿದ್ದರು.

ಈಗ ಕರೆಯುವವರಿಲ್ಲವೆಂದು ಮುನಿಯಲೇ? ಮನೆಯಲ್ಲಿ ನಾವು ಐವರು. ನಾನು ಹೊಲಿದದ್ದು ನಾಲ್ಕೇ ಲೋಡು. ಎಣಿಕೆಯಲ್ಲಿ ನನ್ನನ್ನು ಬಿಟ್ಟವಳು ನಾನೇ. ಇದನ್ನು ತ್ಯಾಗವೆಂದು ಇಷ್ಟು ದಿನ ನಂಬಿದ್ದೆ. ಕೇಳದೆ ಬಿಟ್ಟುಕೊಟ್ಟು, ಆಮೇಲೆ ಒಳಗೊಳಗೇ ನೊಂದುಕೊಳ್ಳುವುದು ತ್ಯಾಗವಾದೀತೇ?

ಒಲೆ ಆರಿಸಿ, ಸೂಜಿ-ದಾರ ಹಿಡಿದು ಅವರ ನಡುವೆಯೇ ಕುಳಿತೆ. ಮಗ ಸರಿದು ಜಾಗ ಕೊಟ್ಟ.