ಕೈ ಎತ್ತಿದ್ದೋ, ಎದ್ದದ್ದೋ?



ತಪಸ್ಸುಕಾಲದ ಎರಡನೆಯ ವಾರ ಯುವಜನರ ಸಭೆ ಮುಗಿದು ಚಾಪೆ ಸುತ್ತುತ್ತಿದ್ದಾಗ ಒಬ್ಬ ಹುಡುಗ ಹಿಂದೆಯೇ ಉಳಿದ. (ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.) ಮೊಬೈಲ್ ಚಾರ್ಜರ್‌ಗಾಗಿ ಜಗಳವಾಗಿ ತಂಗಿಯ ಕೆನ್ನೆಗೆ ಹೊಡೆದಿದ್ದ. ಅವಳಿಗೆ ಎರಡು ದಿನ ಕಿವಿನೋವು. "ನಾನು ಕೈ ಎತ್ತಲಿಲ್ಲ ಅಣ್ಣ, ಕೈ ಎದ್ದುಬಿಟ್ಟಿತು" ಎಂದ. ಆಮೇಲೆ, "ನಾವು ತೀರ್ಮಾನ ಮಾಡೋ ಮೊದಲೇ ಮೆದುಳು ಮಾಡಿಬಿಟ್ಟಿರುತ್ತಂತೆ, ವಿಜ್ಞಾನಿಗಳೇ ತೋರಿಸಿದ್ದಾರೆ. ಹಾಗಾದ್ರೆ ಪಾಪನಿವೇದನೆಯಲ್ಲಿ ಏನಂತ ಹೇಳಲಿ?" ಎಂದು ಕೇಳಿದ.

ನಾನಾಗ ಕೊಟ್ಟ ಉತ್ತರವನ್ನು ಬರೆಯಲು ನಾಚಿಕೆಯಾಗುತ್ತದೆ. "ವಿಜ್ಞಾನ ಬೇರೆ, ವಿಶ್ವಾಸ ಬೇರೆ" ಎಂದೆ. ಬಿಎಸ್ಸಿಯಲ್ಲಿ ಗಣಿತ ಓದಿದವನು ಆಡುವ ಮಾತಲ್ಲ ಅದು.

ಹುಡುಗ ಹೇಳಿದ ಪ್ರಯೋಗ ನಿಜವಾದದ್ದೇ. ಅಮೆರಿಕದ ಬೆಂಜಮಿನ್ ಲಿಬೆಟ್ ಮತ್ತು ಸಂಗಡಿಗರು 1983ರಲ್ಲಿ ಅದನ್ನು ಪ್ರಕಟಿಸಿದರು. ತಲೆಗೆ ಇಇಜಿ ತಂತಿ ಅಂಟಿಸಿಕೊಂಡವರು ತಮಗೆ ಮನಸ್ಸಾದಾಗ ಮಣಿಕಟ್ಟು ಆಡಿಸಬೇಕು. ಎದುರಿಗೆ 2.56 ಸೆಕೆಂಡಿಗೊಂದು ಸುತ್ತು ಹಾಕುವ ಬೆಳಕಿನ ಚುಕ್ಕೆ. ಆಡಿಸಬೇಕು ಅನ್ನಿಸಿದಾಗ ಚುಕ್ಕೆ ಎಲ್ಲಿತ್ತೆಂದು ಹೇಳಬೇಕು. ಆ ಅನ್ನಿಸಿಕೆ ಬಂದದ್ದು ಚಲನೆಗೆ ಸುಮಾರು 0.2 ಸೆಕೆಂಡ್ ಮೊದಲು. ಆದರೆ ಮೆದುಳಿನ ಹೊರಪದರವಾದ ಕಾರ್ಟೆಕ್ಸ್‌ನ ವಿದ್ಯುತ್ ಸಂಕೇತ ಸುಮಾರು 0.55 ಸೆಕೆಂಡ್ ಮೊದಲೇ ಬಲಗೊಳ್ಳತೊಡಗಿತ್ತು. ಇಚ್ಛಾಸ್ವಾತಂತ್ರ್ಯವೇ ಭ್ರಮೆ ಎಂದು ಅನೇಕರು ಷರಾ ಬರೆದರು. ಲಿಬೆಟ್ ಅಷ್ಟು ದೂರ ಹೋಗಲಿಲ್ಲ. ಕೊನೆಯ ಗಳಿಗೆಯಲ್ಲಿ 'ಬೇಡ' ಎನ್ನುವ ಅವಕಾಶ ಉಳಿದಿದೆ ಎಂದರು.

2012ರಲ್ಲಿ ಆರನ್ ಶುರ್ಗರ್ ಮತ್ತು ಇಬ್ಬರು ಸಹೋದ್ಯೋಗಿಗಳು ಇದೇ ಸಂಕೇತಕ್ಕೆ ಒಂದು ಗಣಿತ ಮಾದರಿ ಕೊಟ್ಟರು. ಕಾರ್ಟೆಕ್ಸ್‌ನಲ್ಲಿರುವುದು ಸುಮಾರು 1,600 ಕೋಟಿ ನರಕೋಶ. ಒಂದೊಂದನ್ನೂ ಲೆಕ್ಕಕ್ಕೆ ಹಿಡಿಯುವುದು ಆಗದ ಮಾತು. ಆದ್ದರಿಂದ ಒಟ್ಟು ಚಟುವಟಿಕೆಯನ್ನು ಒಂದೇ ಮಟ್ಟವಾಗಿ ಹಿಡಿದರು. ಅದಕ್ಕೆ ಸಣ್ಣದೊಂದು ಒಳಹರಿವು, ಮಟ್ಟ ಏರಿದಷ್ಟೂ ಹೆಚ್ಚುವ ಸೋರಿಕೆ, ಜೊತೆಗೆ ಗೊತ್ತುಗುರಿಯಿಲ್ಲದ ಏರಿಳಿತ. ಮಟ್ಟ ಒಂದು ಗಡಿ ದಾಟಿದಾಗ ಕೈ ಆಡುತ್ತದೆ. ಒಂದೇ ಸಾಲಿನ ಸಮೀಕರಣ!

ನಮ್ಮೂರ ಕೆರೆಯನ್ನು ನೆನೆಯಿರಿ. ಹಳ್ಳದಿಂದ ನೀರು ಬರುತ್ತದೆ, ತೂಬಿನಲ್ಲಿ ಹೋಗುತ್ತದೆ, ಮಳೆ ತನಗೆ ಬೇಕಾದಾಗ ಸುರಿಯುತ್ತದೆ. ಈಗ ಕೋಡಿ ಬಿದ್ದ ದಿನಗಳನ್ನು ಮಾತ್ರ ಆರಿಸಿ, ಪ್ರತಿಯೊಂದರ ಹಿಂದಿನ ಒಂದು ವಾರದ ನೀರಿನ ಮಟ್ಟ ಬರೆದು ಸರಾಸರಿ ತೆಗೆಯಿರಿ. ವಾರದ ಮೊದಲಿನಿಂದಲೂ ಮಟ್ಟ ಏರುತ್ತಲೇ ಬಂದಂತೆ ಚಂದದ ಗೆರೆ ಸಿಗುತ್ತದೆ. ಹಾಗೆಂದು ಕೋಡಿ ಬೀಳುವುದು ಸೋಮವಾರವೇ ನಿಶ್ಚಯವಾಗಿತ್ತೇ? ಅಷ್ಟೇ ಏರಿ, ಕೋಡಿ ಬೀಳದೆ ಇಳಿದ ವಾರಗಳು ಎಷ್ಟೋ. ಅವು ನಮ್ಮ ಪಟ್ಟಿಗೆ ಬಂದೇ ಇಲ್ಲ. ಲಿಬೆಟ್ ಅವರ ಸಂಕೇತವೂ ಚಲನೆಯ ಕ್ಷಣದಿಂದ ಹಿಂದಕ್ಕೆ ಎಣಿಸಿ ತೆಗೆದ ಸರಾಸರಿಯೇ. ಶುರ್ಗರ್ ಅವರ ಮಾದರಿಯಿಂದಲೂ ಅಂಥದೇ ಗೆರೆ ಬಂತು. ಅಂದರೆ, ಅರ್ಧ ಸೆಕೆಂಡ್ ಮೊದಲು ಕಂಡದ್ದು ಮೆದುಳು ಆಗಲೇ ಮಾಡಿ ಮುಗಿಸಿದ ತೀರ್ಮಾನವೇ ಆಗಿರಬೇಕಿಲ್ಲ.

ಇದರಿಂದ ಇಚ್ಛಾಸ್ವಾತಂತ್ರ್ಯ ಸಾಬೀತಾಯಿತೆಂದು ಕುಣಿಯುವುದು ಬೇಡ. ಸಾಬೀತಾಗಿಲ್ಲ. ಒಂದು ವಾದದ ಊರುಗೋಲು ಜಾರಿತು, ಅಷ್ಟೇ. ಮೇಲಾಗಿ ಸುಮ್ಮನೆ ಮಣಿಕಟ್ಟು ಆಡಿಸುವುದಕ್ಕೂ ತಂಗಿಗೆ ಹೊಡೆಯುವುದಕ್ಕೂ ಅಜಗಜಾಂತರ.

ಆದರೂ ಹುಡುಗನ ಮಾತನ್ನು ತಳ್ಳಿಹಾಕಲಾರೆ. ಎಲ್ಲ ಮಳೆಯೂ ಅವನು ತರಿಸಿದ್ದಲ್ಲ. ಆ ವಾರ ಅವನ ಮನೆಯಲ್ಲಿ ಏನಿತ್ತೆಂದು ಇಲ್ಲಿ ಬರೆಯುವುದಿಲ್ಲ. ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲೇ, ವಿವೇಕ ಎಚ್ಚರಗೊಳ್ಳುವ ಮೊದಲೇ ಏಳುವ ಆವೇಶವನ್ನೂ ತಿಳಿದು ಒಪ್ಪಿ ಮಾಡಿದ್ದನ್ನೂ ಬೇರೆ ಬೇರೆಯಾಗಿ ತೂಗಿದ್ದರು. ಧರ್ಮಸಭೆಯ ಧರ್ಮಬೋಧನಾ ಗ್ರಂಥದ 1735ನೆಯ ಪರಿಚ್ಛೇದವೂ ಅಜ್ಞಾನ, ಭಯ, ಒತ್ತಾಯ, ರೂಢಿಗಳು ನಮ್ಮ ಹೊಣೆಯನ್ನು ತಗ್ಗಿಸಬಲ್ಲವು, ಇಲ್ಲವಾಗಿಸಲೂಬಲ್ಲವು ಎನ್ನುತ್ತದೆ.

'ರೂಢಿ' ಎಂಬಲ್ಲಿ ನಾನು ನಿಂತುಬಿಟ್ಟೆ. ಆ ಸಮೀಕರಣದಲ್ಲಿ ಗಡಿ ಎಷ್ಟು ಎತ್ತರವಿರಬೇಕೆಂದು ಸಮೀಕರಣ ಹೇಳುವುದಿಲ್ಲ. ಅಂಕಿಅಂಶಕ್ಕೆ ಹೊಂದುವಂತೆ ಹೊರಗಿನಿಂದ ಹಾಕಬೇಕು. ನಮ್ಮ ಬದುಕಿನಲ್ಲಿ ಅದನ್ನು ಯಾರು ಹಾಕುತ್ತಾರೆ? ಹೂಳು ತುಂಬಿದ ಕೆರೆ ಸಣ್ಣ ಮಳೆಗೇ ಕೋಡಿ ಬೀಳುತ್ತದೆ. ಅವನು ಹೊಡೆದದ್ದು ಇದೇ ಮೊದಲಲ್ಲ. ಹಿಂದೆ ಎರಡು ಸಲ ಹೊಡೆದು, ನಕ್ಕು ಮರೆತಿದ್ದ. ಹೊಣೆಯನ್ನು ಆ ಅರ್ಧ ಸೆಕೆಂಡಿನೊಳಗೆ ಹುಡುಕಿದರೆ ಯಾವ ಇಇಜಿಯಲ್ಲೂ ಸಿಗದು. ನಕ್ಕು ಮರೆತ ಆ ತಿಂಗಳುಗಳಲ್ಲಿ ಹುಡುಕಬೇಕು ಅನ್ನಿಸುತ್ತದೆ ನನಗೆ.

ಮುಂದಿನ ಭಾನುವಾರ ಇದನ್ನೆಲ್ಲ ಅವನಿಗೆ ಹೇಳಿದೆ. ಕೇಳಿಕೊಂಡು, "ಹಾಗಾದ್ರೆ ನನ್ನ ಪಾಲು ಎಷ್ಟು?" ಎಂದ. ಗೊತ್ತಿಲ್ಲ ಎಂದೆ. ಪಾಪನಿವೇದನೆಗೆ ಹೋಗುವುದಾಗಿ ಹೇಳಿದ. ಆದರೆ ಹೊಸ ಸಹಾಯಕ ಗುರುಗಳಿಗೆ ಕನ್ನಡ ಅಷ್ಟಾಗಿ ಬಾರದು, ಬಸ್ಸಿನಲ್ಲಿ ಅಂಗಡಿಯಲ್ಲಿ ಆಡುವ ನಮ್ಮ ತಮಿಳು ಇಂಥದಕ್ಕೆ ಸಾಲದು. 'ಕೈ ಎತ್ತಿದೆ' ಎನ್ನಲು ಏನನ್ನಬೇಕು ಎಂದು ಕೇಳಿದ. ತಂಗಿಯ ಹತ್ತಿರ ಕನ್ನಡದಲ್ಲೇ ಮೊದಲು ಹೇಳು, ಆಮೇಲೆ ತಮಿಳು ನೋಡೋಣ ಎಂದೆ.

ಚಾರ್ಜರ್ ಈಗ ಅವಳ ಬಳಿ ಇದೆಯಂತೆ.