ಬೋರು ಹೊಡೆಸುವ ಧೈರ್ಯ

ದಪ್ಪ ಫ್ರೇಮಿನ ಕನ್ನಡಕ, ಮೈಗಿಂತ ಒಂದು ಸೈಜು ದೊಡ್ಡ ಕೋಟು, ಹಿಂದೆ ಕರಿಹಲಗೆ. ಒಬ್ಬ ಮೇಷ್ಟ್ರು ಬೀಕರಿಗೆ ನೀರು ಸುರಿಯುತ್ತಿದ್ದಾರೆ. ನೀರು ತುಂಬುವ ತನಕ ಕ್ಯಾಮೆರಾ ಕಾಯುತ್ತದೆ, ಮೇಷ್ಟ್ರೂ ಕಾಯುತ್ತಾರೆ. ಹಿನ್ನೆಲೆಯಲ್ಲಿ ಸಂಗೀತವಿಲ್ಲ, ಪರದೆ ಮೇಲೆ ಹಾರಿಬರುವ ಅಕ್ಷರಗಳಿಲ್ಲ. ಎಪ್ಪತ್ತು-ಎಂಬತ್ತರ ದಶಕದ ವಿಜ್ಞಾನ ಕಾರ್ಯಕ್ರಮಗಳನ್ನು ಯೂಟ್ಯೂಬಿನಲ್ಲಿ ಹುಡುಕಿ ನೋಡುವ ಚಟ ಹತ್ತಿದವರಿಗೆ ಇದರ ರುಚಿ ಗೊತ್ತಿರುತ್ತದೆ. ದಿನವಿಡೀ ಮೀಟಿಂಗು, ಡೆಡ್‌ಲೈನು ಅಂತ ಓಡಿ ಬಂದಮೇಲೆ ನೀರು ತುಂಬೋದನ್ನ ನೋಡ್ತಾ ಕೂರೋದು ಒಂಥರಾ ಸುಖ. ತಮಾಷೆ ಅಂದ್ರೆ, ಈ ಕಾರ್ಯಕ್ರಮಗಳು ಬರುತ್ತಿದ್ದಾಗ ಹುಟ್ಟೇ ಇರದಿದ್ದವರಿಗೂ ಇದರ ಹಂಬಲ ಇದೆ.

ಇದಕ್ಕೆ ನಾಸ್ಟಾಲ್ಜಿಯಾ ಅಂತ ಹೆಸರಿಟ್ಟು ಸುಮ್ಮನಾಗಬಹುದು. ಆದರೆ ಒಳಗೊಂದು ತೀರ್ಪೂ ಅಡಗಿದೆ. ಆಗಿನವರು ನೋಡುಗರಿಗೆ ಮರ್ಯಾದೆ ಕೊಡುತ್ತಿದ್ದರು, ಈಗಿನವರು ಕೊಡುವುದಿಲ್ಲ ಅನ್ನುವ ತೀರ್ಪು. ಅದು ನೈತಿಕ ಆರೋಪ. ಆರೋಪ ಅಂದಮೇಲೆ ವಿಚಾರಣೆ ಆಗಬೇಕಲ್ವಾ?

ನನಗಂತೂ ಇದು ಪುರುಸೊತ್ತಿನ ಹರಟೆಯಲ್ಲ. ಮಕ್ಕಳ ವಿಜ್ಞಾನದ ವಿಡಿಯೋಗಳಿಗೆ ಸ್ಕ್ರಿಪ್ಟ್ ಬರೆಯುವುದೇ ನನ್ನ ಹೊಟ್ಟೆಪಾಡು. ನಮ್ಮಲ್ಲಿ ಪ್ರತಿ ವಿಡಿಯೋಗೂ ಒಂದು ಗ್ರಾಫ್ ಇರುತ್ತೆ. ಯಾವ ಸೆಕೆಂಡಿನಲ್ಲಿ ಎಷ್ಟು ಮಂದಿ ಬಿಟ್ಟು ಹೋದರು ಅನ್ನುವುದರ ಗೆರೆ. ಬೀಕರಿಗೆ ನೀರು ತುಂಬುವ ಜಾಗ ಬಂತೋ, ಗೆರೆ ಜಾರುಬಂಡೆ ಇಳಿದಂತೆ ಇಳಿಯುತ್ತದೆ. ಹಾಗಾಗಿ ಕತ್ತರಿಸುತ್ತೇವೆ. ಒಂದು ಶಾಟಿನಲ್ಲಿ ಬೀಕರ್ ಖಾಲಿ, ಮುಂದಿನ ಶಾಟಿನಲ್ಲಿ ತುಂಬಿದೆ. ಯಾರಿಗೂ ಏನೂ ನಷ್ಟವಾದಂತೆ ಕಾಣುವುದಿಲ್ಲ.

ನಷ್ಟ ತಿಳಿಯುವುದು ಮಗು ಅದನ್ನು ಮನೆಯಲ್ಲಿ ಮಾಡಲು ಹೋದಾಗ. ಉಪ್ಪುನೀರಲ್ಲಿ ದಾರ ಇಳಿಬಿಟ್ಟು ಹರಳು ಬೆಳೆಸುವ ಪ್ರಯೋಗ ಗೊತ್ತಲ್ಲ, ವಿಡಿಯೋದಲ್ಲಿ ಅದು ನಾಲ್ಕು ಸೆಕೆಂಡಿನ ಕೆಲಸ. ಮನೆಯಲ್ಲಿ ಎರಡು ದಿನವಾದರೂ ದಾರ ದಾರವಾಗಿಯೇ ಇದ್ದರೆ ಹುಡುಗಿ ಏನಂದುಕೊಳ್ಳುತ್ತಾಳೆ? ತಾನೇ ಏನೋ ತಪ್ಪು ಮಾಡಿದೆ, ತನಗೆ ವಿಜ್ಞಾನ ಬರಲ್ಲ ಅಂತ.

ನಮ್ಮ ದೇಶದ ಮಟ್ಟಿಗೆ ಈ ಹಂಬಲದ ಮೂಲವಿಗ್ರಹ ಅಂದರೆ ದೂರದರ್ಶನದ 'ಟರ್ನಿಂಗ್ ಪಾಯಿಂಟ್'. ತೊಂಬತ್ತರ ದಶಕದಲ್ಲಿ ಅದನ್ನು ನಡೆಸಿಕೊಡುತ್ತಿದ್ದವರು ನಮ್ಮ ಗಿರೀಶ ಕಾರ್ನಾಡರು. ನಾಟಕಕಾರರಿಗೆ ವಿಜ್ಞಾನದಲ್ಲಿ ಏನು ಕೆಲಸ ಅನ್ನಬೇಡಿ, ಅವರು ಧಾರವಾಡದಲ್ಲಿ ಓದಿದ್ದು ಗಣಿತ. ಜನ ಬರೆದು ಕಳಿಸಿದ ಪ್ರಶ್ನೆಗಳಿಗೆ ಪ್ರೊ. ಯಶ್ ಪಾಲ್ ಉತ್ತರ ಹೇಳುತ್ತಿದ್ದರು. ಕಾಸ್ಮಿಕ್ ಕಿರಣಗಳ ಮೇಲೆ ಸಂಶೋಧನೆ ಮಾಡಿದ ಭೌತವಿಜ್ಞಾನಿ, ಯುಜಿಸಿ ಅಧ್ಯಕ್ಷರಾಗಿದ್ದವರು. ಆದರೆ ಟಿವಿಯಲ್ಲಿ ಹಬ್ಬಕ್ಕೆ ಬಂದ ದೊಡ್ಡಪ್ಪನ ಹಾಗೆ ಮಾತಾಡುತ್ತಿದ್ದರು. ಈಗ ನಾನು ಬರೆಯುವ ಸ್ಕ್ರಿಪ್ಟಿನಲ್ಲಿ ಪ್ರಶ್ನೆಯೂ ನಂದೇ, ಉತ್ತರವೂ ನಂದೇ. ಅಲ್ಲಿ ಪ್ರಶ್ನೆ ಊರುಗಳಿಂದ ಬರುತ್ತಿತ್ತು.

ಇಷ್ಟು ಹೊಗಳಿದ ಮೇಲೆ ಎದುರು ಪಕ್ಷದ ವಾದವನ್ನೂ ಕೇಳಬೇಕು. ಆಗ ಬೇರೆ ಚಾನೆಲ್ ಎಲ್ಲಿತ್ತು? ಯುಜಿಸಿಯ 'ಕಂಟ್ರಿವೈಡ್ ಕ್ಲಾಸ್‌ರೂಮ್' ಶುರುವಾದದ್ದು 1984ರ ಆಗಸ್ಟ್ 15ಕ್ಕೆ. ದೊಡ್ಡ ವಿಶ್ವವಿದ್ಯಾಲಯಗಳ ಪಾಠ ಸಣ್ಣ ಊರಿನ ಕಾಲೇಜು ಹುಡುಗರಿಗೂ ಸಿಗಲಿ ಅನ್ನುವ ಒಳ್ಳೆಯ ಉದ್ದೇಶ. ಮಾತಾಡುತ್ತಿದ್ದದ್ದು ಇಂಗ್ಲಿಷು, ಅದೂ ಕಾಗದ ನೋಡಿ ಓದಿದಂಥ ಇಂಗ್ಲಿಷು. ಟಿವಿ ಆರಿಸುವುದೊಂದು ಬಿಟ್ಟರೆ ನೋಡುವವನಿಗೆ ಬೇರೆ ದಾರಿ ಇರಲಿಲ್ಲ. ಎದ್ದು ಹೋಗಲಾರದವನ ಮುಂದೆ ನಿಧಾನವಾಗಿ ಮಾತಾಡುವುದು ಗೌರವವೋ ದರ್ಪವೋ? ಊಟಕ್ಕೆ ಮುಂಚೆ ಮೈಕ್ ಹಿಡಿಯುವ ಮುಖ್ಯ ಅತಿಥಿಯನ್ನು ಒಮ್ಮೆ ನೆನೆಸಿಕೊಳ್ಳಿ. ನಮ್ಮ ಹುಡುಗಿಯ ಕೈಯಲ್ಲಿ ಹೆಬ್ಬೆರಳಿದೆ. ಬೇಡ ಅಂದರೆ ತಳ್ಳುತ್ತಾಳೆ. ಅವಳು ಉಳಿದರೆ ಅದು ಅವಳೇ ಕೊಟ್ಟದ್ದು, ಯಾರೂ ಕಟ್ಟಿಹಾಕಿ ಪಡೆದದ್ದಲ್ಲ.

ಇನ್ನೂ ಒಂದು ತಕರಾರಿದೆ. 2002ರಲ್ಲಿ ಬಿಬಿಸಿಯಲ್ಲಿ 'ಲುಕ್ ಅರೌಂಡ್ ಯೂ' ಅಂತ ಬಂತು. ಬ್ರಿಟನ್ನಿನ ಹಳೆಯ ಶಾಲಾ ವಿಜ್ಞಾನ ಕಾರ್ಯಕ್ರಮಗಳ ಅಣಕ. ಅದೇ ಮಾಸಲು ಬಣ್ಣ, ಅದೇ ಸಿಂಥಸೈಜರ್, ಅದೇ ಗಂಭೀರ ಗಂಡುದನಿ. ಆದರೆ ಹೇಳುವುದೆಲ್ಲ ಶುದ್ಧ ಹಸಿಸುಳ್ಳು. ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ನಕ್ಕಾದ ಮೇಲೆ ಸ್ವಲ್ಪ ಇರುಸುಮುರುಸಾಯಿತು. ಆ ದನಿಯಲ್ಲಿ ಏನು ಹೇಳಿದರೂ ನಿಜ ಅನಿಸುತ್ತದಲ್ಲ! ನಮಗೆ ಇಷ್ಟವಾದದ್ದು ವಿಜ್ಞಾನವೋ, ಅಥವಾ ದೊಡ್ಡವರೊಬ್ಬರು ಅನುಮಾನವಿಲ್ಲದೆ ಮಾತಾಡುತ್ತಿದ್ದಾರೆ ಅನ್ನುವ ನೆಮ್ಮದಿಯೋ? ಎರಡನೆಯದಾದರೆ ವಾಟ್ಸಾಪ್ ಫಾರ್ವರ್ಡುಗಳಲ್ಲೂ ಅದು ಧಾರಾಳ ಸಿಗುತ್ತದೆ.

ಆಗಿನವರಿಗೆ ನಮ್ಮಿಂದ ಏನೂ ಬೇಕಿರಲಿಲ್ಲ, ಮಾರಲು ಏನೂ ಇರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಜೂಲಿಯಸ್ ಸಮ್ನರ್ ಮಿಲ್ಲರ್ ಅಂತ ಅಮೆರಿಕದ ಪ್ರೊಫೆಸರ್, ಆಸ್ಟ್ರೇಲಿಯಾದ ಎಬಿಸಿಯಲ್ಲಿ 1963ರಿಂದ 'ವೈ ಈಸ್ ಇಟ್ ಸೋ?' ಅನ್ನುವ ಕಾರ್ಯಕ್ರಮ ನಡೆಸುತ್ತಿದ್ದರು. ಬೇಯಿಸಿ ಸಿಪ್ಪೆ ಸುಲಿದ ಮೊಟ್ಟೆಯನ್ನು ಬಾಟಲಿಯೊಳಗೆ ಇಳಿಸುವುದು ಅವರ ಹೆಸರುವಾಸಿ ಆಟ. ಬಾಟಲಿಯೊಳಗೆ ಉರಿಯುವ ಕಾಗದ ಹಾಕಿ ಬಾಯಿಗೆ ಮೊಟ್ಟೆ ಕೂರಿಸಿದರೆ, ಬಿಸಿಗಾಳಿ ಸ್ವಲ್ಪ ಹೊರಗೆ ಹೋಗಿ, ಉಳಿದದ್ದು ತಣ್ಣಗಾಗಿ ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿ ಮೊಟ್ಟೆಯನ್ನು ಒಳಗೆ ತಳ್ಳುತ್ತದೆ. ಅದೇ ಮಿಲ್ಲರ್, ಅದೇ ಮೊಟ್ಟೆ, ಎಂಬತ್ತರ ದಶಕದಲ್ಲಿ ಕ್ಯಾಡ್ಬರಿ ಚಾಕೊಲೇಟಿನ ಜಾಹೀರಾತಿಗೂ ಬಂದರು. ನನಗೆ ಅದೇನೂ ಪಾಪ ಅನಿಸುವುದಿಲ್ಲ. ಮೊಟ್ಟೆ ಅಲ್ಲೂ ನ್ಯಾಯವಾಗಿಯೇ ಒಳಗೆ ಬಿತ್ತು.

ಹಾಗಾದರೆ ಮರ್ಯಾದೆ ಅನ್ನುವುದು ಎಲ್ಲಿದೆ? ನನ್ನ ಲೆಕ್ಕ ಇಷ್ಟು. ನೀರು ತುಂಬಲು ಹಿಡಿಯುವ ಹೊತ್ತು ನೀರಿನದು, ಅದನ್ನು ಬಚ್ಚಿಟ್ಟರೆ ಲೋಕದ ಬಗ್ಗೆ ಒಂದು ಸಣ್ಣ ಸುಳ್ಳು ಹೇಳಿದಂತೆ. ಮೇಷ್ಟ್ರು ಪೀಠಿಕೆ ಹಾಕಲು ತಗೊಳ್ಳುವ ಹೊತ್ತು ಮೇಷ್ಟ್ರದು, ಅದಕ್ಕೆ ಧಾರಾಳವಾಗಿ ಕತ್ತರಿ ಹಾಕಿ, ಪುಣ್ಯ ಬರುತ್ತೆ. ಹಳೆಯ ಕಾರ್ಯಕ್ರಮಗಳು ಎರಡನ್ನೂ ಉಳಿಸಿಕೊಂಡವು, ನಾವು ಎರಡನ್ನೂ ತೆಗೆಯುತ್ತಿದ್ದೇವೆ. ವಿಡಿಯೋಗೆ ಹಳೇ ವಿಎಚ್ಎಸ್ ಕ್ಯಾಸೆಟ್ಟಿನ ಫಿಲ್ಟರ್ ಹಾಕಿ, ಮಾಸಲು ಬಣ್ಣ ಬಳಿದು 'ರೆಟ್ರೊ' ಅನ್ನುವುದರಲ್ಲಂತೂ ಎರಡೂ ಇಲ್ಲ.

ಹಿಂದಿನವರು ಗ್ರಾಫ್ ನೋಡುತ್ತಿರಲಿಲ್ಲ, ಅದಕ್ಕೇ ಧೈರ್ಯ ಇತ್ತು ಅಂತಲೂ ಹೇಳುತ್ತಾರೆ. ಅದಕ್ಕೊಂದು ಉತ್ತರ ನಮ್ಮ ರಾಜ್ಯದಲ್ಲೇ ಇದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಇಸ್ರೊ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿತು. ಸೈಟ್ ಅಂತ ಅದರ ಹೆಸರು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿನ ಜಾಲರಿಯಿಂದ ಮಾಡಿದ ಹತ್ತಡಿಯ ಆಂಟೆನಾ, ಊರಿಗೆಲ್ಲ ಒಂದೇ ಟಿವಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ವಿಜ್ಞಾನ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ಆಗ ಅಹಮದಾಬಾದಿನ ಸ್ಪೇಸ್ ಅಪ್ಲಿಕೇಷನ್ಸ್ ಸೆಂಟರಿನ ನಿರ್ದೇಶಕರಾಗಿದ್ದವರು ಇದೇ ಯಶ್ ಪಾಲ್.

ಆ ಹಳ್ಳಿಯವರು ಕಟ್ಟಿಹಾಕಿದ ಪ್ರೇಕ್ಷಕರೇನೂ ಆಗಿರಲಿಲ್ಲ. ಮೊದಮೊದಲು ಜಾತ್ರೆಯಂತೆ ಸೇರಿದ ಜನ ಬರಬರುತ್ತಾ ಕಮ್ಮಿಯಾದರು. ಬೇಸರವಾದವರು ಎದ್ದು ಮನೆಗೆ ಹೋದರು. ಇಸ್ರೊದವರು ಅದನ್ನು ಅಳೆದರು ಕೂಡ. ಸರ್ವೇ ಜೊತೆಗೆ ಮಾನವಶಾಸ್ತ್ರಜ್ಞರನ್ನು ಕಳಿಸಿ, ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಮನೆ ಮಾಡಿಕೊಂಡು ಇರಲು ಹೇಳಿದರು. ಯಾರು ನೋಡುತ್ತಾರೆ, ಹೆಂಗಸರಿಗೆ ಕೂರಲು ಜಾಗ ಇದೆಯಾ, ನೋಡಿಯಾದ ಮೇಲೆ ಏನು ಮಾತಾಡುತ್ತಾರೆ ಅನ್ನುವುದೆಲ್ಲ ಊರಲ್ಲೇ ಇದ್ದವರಿಗೆ ಮಾತ್ರ ಗೊತ್ತಾಗುವ ಸಂಗತಿಗಳು. ಅಳತೆ ಅಂದರೆ ಹಾಗೂ ಇರಬಹುದಿತ್ತು.

ನನ್ನ ಗ್ರಾಫಿಗೆ ಆ ಹುಡುಗಿ ಹೋದ ಸೆಕೆಂಡು ಮಾತ್ರ ಗೊತ್ತು. ನಲವತ್ತೊಂದನೇ ಸೆಕೆಂಡು. ಬೋರಾಯಿತಾ, ಅಮ್ಮ ಕೂಗಿದರಾ, ಡೇಟಾ ಮುಗೀತಾ, ಇಲ್ಲಾ ತಾನೂ ಒಂದು ಲೋಟಕ್ಕೆ ನೀರು ತುಂಬಿ ನೋಡೋಣ ಅಂತ ಎದ್ದು ಅಡುಗೆಮನೆಗೆ ಹೋದಳಾ, ಅದು ಗೊತ್ತಿಲ್ಲ.